ಕೌದಿಯ ರೆಕ್ಕೆ

ಆ ಸಿನಿಮಾಕ್ಕಾಗಿ ವರ್ಷಗಟ್ಟಲೆ ಕಾದ ನಮ್ಮ ಹನ್ನೆರಡು ಹೆಂಗಸರಲ್ಲಿ ಅದರ ಮೂಲ ಕಾದಂಬರಿಯನ್ನು ಓದಿದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬಳು ನಮ್ಮ ದೊಡ್ಡಮ್ಮ. ಅದರಲ್ಲೂ ದೊಡ್ಡಮ್ಮ ಓದಿದ್ದು ನಾಲ್ಕು ಭಾಗಗಳಲ್ಲಿ ಮೂರನ್ನು ಮಾತ್ರ. ಉಳಿದ ಹತ್ತು ಮಂದಿಗೆ ಕನ್ನಡ ಅಕ್ಷರವೂ ಬರುವುದಿಲ್ಲ, ತೆಲುಗು ಅಕ್ಷರವೂ ಬರುವುದಿಲ್ಲ. ಆದರೆ ಆ ಕಥೆಯ ಬಗ್ಗೆ ಅವರೆದುರು ಯಾರಾದರೂ ಒಂದು ಮಾತು ತಪ್ಪಾಗಿ ಹೇಳಿ ನೋಡಲಿ, ಉಳಿಗಾಲವಿಲ್ಲ. ಸಿನಿಮಾದವರಿಗೆ ಇದು ಗೊತ್ತಿರಲಿಲ್ಲ, ಪಾಪ.

ನಾನು ಆಂಧ್ರದ ಗಡಿಯೂರು ಆದೋನಿಯ ಒಂದು ಶಾಲೆಯಲ್ಲಿ ಲೆಕ್ಕದ ಟೀಚರ್. ಉತ್ತರ ಸರಿ ಇರಬೇಕು, ಉತ್ತರಕ್ಕೆ ಬಂದ ದಾರಿಯೂ ಸರಿ ಇರಬೇಕು ಎಂದು ಮಕ್ಕಳ ತಲೆ ತಿನ್ನುವವಳು. ಸುಳ್ಳು ಹೇಳಿದವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಇಂಥ ನಾನು ಒಂದು ಸುಳ್ಳನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯಿ ಬಿಡದೆ ಕಾಪಾಡಿಕೊಂಡು ಬಂದೆ. ಹಾಗೆ ಕಾಪಾಡುವ ಕೆಲಸ ನನ್ನ ಪಾಲಿಗೆ ಬಂದದ್ದಕ್ಕೆ ಈಗ ಯಾರಿಗೆ ಕೈಮುಗಿಯಬೇಕೋ ತಿಳಿಯದು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತವರುಮನೆ ಕೋಸಗಿಯಲ್ಲಿ. ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಯುಗಾದಿ ಕಳೆದು ಬಿಸಿಲು ನೆತ್ತಿ ಸುಡತೊಡಗಿದ ಮೇಲೆ, ಕಾರಹುಣ್ಣಿಮೆಯೊಳಗೆ, ಬಿತ್ತನೆಯ ಶೇಂಗಾ ಒಡೆದು ಮುಗಿಸಬೇಕು. ಎಣ್ಣೆಗೆ ಹೋಗುವ ಶೇಂಗಾವನ್ನು ಮಿಷನ್ನಿಗೆ ಹಾಕಿದರೂ ನಡೆದೀತು. ಬಿತ್ತುವುದಕ್ಕೆ ಕೈಯೇ ಆಗಬೇಕು, ಯಾಕೆಂದರೆ ಕಾಳು ಹೋಳಾದರೆ ಮೊಳಕೆ ಬರುವುದಿಲ್ಲ. ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಹೋದವರೆಲ್ಲ ಆ ಹೊತ್ತಿಗೆ ಊರಿಗೆ ಮರಳಿರುತ್ತಿದ್ದರು. ಅವರಲ್ಲಿ ಹದಿನೈದಿಪ್ಪತ್ತು ಹೆಂಗಸರು ಮಧ್ಯಾಹ್ನ ನಮ್ಮ ಅಂಗಳದ ಬೇವಿನ ನೆರಳಿನಲ್ಲಿ ಕೂತು ಬೆರಳಿನಲ್ಲಿ ಒತ್ತಿ ಒತ್ತಿ ಶೇಂಗಾ ಒಡೆಯುತ್ತಿದ್ದರು. ನಮ್ಮ ಅಜ್ಜಿ ಕಟ್ಟೆಯ ಮೇಲೆ ಕೂತು ಅವರ ಬಾಯಿಗಳನ್ನು ಕಾಯುತ್ತಿದ್ದಳು.

ಬಾಯಿಗಳನ್ನೇ ಕಾಯುತ್ತಿದ್ದಳು. ಎರಡು ಕಾಳು ಬುಟ್ಟಿಗೆ ಹಾಕಿದ ಕೈ ಮೂರನೆಯದನ್ನು ಬಾಯಿಗೆ ಹಾಕುತ್ತದೆ ಎಂಬುದು ಅಜ್ಜಿಯ ಕೊರಗು. ಬಿತ್ತನೆಯ ಬೀಜವೆಂದರೆ ಆರಿಸಿ ಇಟ್ಟ ದಪ್ಪ ಕಾಳು, ತಿನ್ನಲು ಸಿಹಿ. ಬೇಡವೆಂದು ಬೈಯುವುದು ಅಜ್ಜಿಗೇ ನಾಚಿಕೆ. ಹಾಡು ಹೇಳಿರೆಂದು ಕೇಳಿ ನೋಡಿದಳು. ಸೊಲ್ಲು ಎತ್ತಿಕೊಡುವವಳೊಬ್ಬಳು ಹಾಡುವಾಗ ಉಳಿದವರು ಮೆಲ್ಲುತ್ತಿದ್ದರು, ಉಳಿದವರು ಹಾಡುವಾಗ ಅವಳು ಮೆಲ್ಲುತ್ತಿದ್ದಳು. ಹೀಗಿರುವಾಗ ದೊಡ್ಡಪ್ಪನ ಹೆಂಡತಿಯಾಗಿ ಸಿರುಗುಪ್ಪ ಕಡೆಯಿಂದ ಬಂದ ದೊಡ್ಡಮ್ಮ, ಕನ್ನಡ ಶಾಲೆಯ ಮೇಷ್ಟ್ರ ಮಗಳು, ಒಂದು ಮಧ್ಯಾಹ್ನ ಕಂಬಕ್ಕೆ ಒರಗಿ ತನ್ನಷ್ಟಕ್ಕೆ ಒಂದು ಪುಸ್ತಕ ಓದಿಕೊಳ್ಳುತ್ತಿದ್ದಳಂತೆ. ಪಕ್ಕದಲ್ಲಿದ್ದವಳು ಅದೇನೆಂದು ಕೇಳಿದಳು. ದೊಡ್ಡಮ್ಮ ದೊಡ್ಡದಾಗಿ ಓದಿ ಹೇಳಿದಳು. ಇಪ್ಪತ್ತು ಬಾಯಿಗಳು ತೆರೆದದ್ದು ತೆರೆದಂತೆಯೇ ಇದ್ದವು, ಒಂದಕ್ಕೂ ಕಾಳು ಬೀಳಲಿಲ್ಲ. ಅಜ್ಜಿ ಮರುದಿನದಿಂದ ಸೊಸೆಗೆ ಅಡುಗೆಮನೆಯ ಕೆಲಸ ಬಿಡಿಸಿ ಓದುವ ಕೆಲಸ ಕೊಟ್ಟಳು.

ನನ್ನ ನೆನಪು ಶುರುವಾಗುವ ಹೊತ್ತಿಗೆ ಅದೊಂದು ಕಟ್ಟಳೆಯೇ ಆಗಿಹೋಗಿತ್ತು. ಓದುವ ಮುಂಚೆ ದೊಡ್ಡಮ್ಮ ಪುಸ್ತಕಕ್ಕೆ ವಿಭೂತಿ ಹಚ್ಚುತ್ತಿದ್ದಳು. ಹೆಂಗಸರು ಕೈಯ ಧೂಳು ಕೊಡವಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಪುಸ್ತಕದ ಗ್ರಾಂಥಿಕ ಕನ್ನಡವನ್ನು ದೊಡ್ಡಮ್ಮ ಓದುತ್ತ ಓದುತ್ತಲೇ ನಮ್ಮ ಮಾತಿಗೆ ತಿರುಗಿಸುತ್ತಿದ್ದಳು, ತೆಲುಗಿನವರು ಹೆಚ್ಚಿದ್ದ ದಿನ ನಡುನಡುವೆ ತೆಲುಗೂ ಬರುತ್ತಿತ್ತು. ನನಗೆ ಏಳು ವರ್ಷವಾದಾಗ ಆ ದೊಡ್ಡ ಕಾದಂಬರಿ ಶುರುವಾಯಿತು. ಮಾಟಗಾರ ರಾಜನೊಬ್ಬ ಒಂದು ನದಿಯನ್ನೇ ತಾಮ್ರದ ಬಿಂದಿಗೆಯೊಳಗೆ ಮುಚ್ಚಿಟ್ಟಿದ್ದಾನೆ. ಮಾತು ಬಾರದ ರಾಜಕುಮಾರಿ ಒಂದು ರೆಕ್ಕೆ ಕಳೆದುಕೊಂಡ ಗರುಡನ ಜೊತೆ ಏಳು ಗುಡ್ಡ ದಾಟಿ ಹೋಗಿ ಅದನ್ನು ಬಿಡಿಸಿ ತರಬೇಕು. ಮಳೆಗೆ ಮುಖ ಮಾಡಿ ಕೂತ ನಮ್ಮ ಸೀಮೆಗೆ ಇದಕ್ಕಿಂತ ಹೊಂದುವ ಕಥೆ ಇನ್ನೊಂದಿಲ್ಲ.

ಒಂದು ಬೇಸಿಗೆಗೆ ಒಂದು ಭಾಗ ಮುಗಿಯುತ್ತಿತ್ತು. ಶೇಂಗಾ ಮುಗಿದರೆ ಕಥೆಯೂ ನಿಂತುಬಿಡುತ್ತಿತ್ತು. ಮುಂದೇನಾಯಿತೆಂದು ತಿಳಿಯಲು ಹನ್ನೊಂದು ತಿಂಗಳು ಕಾಯಬೇಕು, ಯಾರು ಎಷ್ಟು ಗೋಗರೆದರೂ ಅಜ್ಜಿ ನಡುವೆ ಓದಲು ಬಿಡುತ್ತಿರಲಿಲ್ಲ. ಕೇಳುಗರಲ್ಲಿ ಎಲ್ಲರಿಗಿಂತ ಬಾಯಿ ಜೋರಿನವಳು ಆಗ ಹೊಸದಾಗಿ ಮದುವೆಯಾಗಿ ಬಂದಿದ್ದ ಒಬ್ಬ ಹುಡುಗಿ. ಊರ ಬಾವಿಯ ಪಕ್ಕ ಅವಳ ಮನೆ, ಅದಕ್ಕೆ ನಾನು ಅವಳನ್ನು ಬಾವಿ ಅಕ್ಕ ಎನ್ನುತ್ತಿದ್ದೆ. ಒಂದು ವರ್ಷ ಅವಳು ಗುಂಟೂರಿನ ಮೆಣಸಿನ ಹೊಲದಿಂದ, ಊರಿಗೆ ಬರುವವರ ಕೈಯಲ್ಲಿ ಹೇಳಿ ಕಳಿಸಿದ್ದಳು: "ಗರುಡ ಬದುಕೈತೋ ಇಲ್ಲೋ ಅಮ್ಮಾರನ್ನ ಕೇಳ್ಕೊಂಡು ಬರ್ರಿ. ನನಗ ನಿದ್ದಿ ಬರವಲ್ದು."

ಗರುಡ ಬದುಕಿತ್ತು. ಆದರೆ ಮೂರನೆಯ ಭಾಗ ಇರಲಿಲ್ಲ.

ದೊಡ್ಡಮ್ಮನ ಅಪ್ಪ ಆ ಕಾದಂಬರಿಯನ್ನು ಎಲ್ಲಿಂದಲೋ ಹಳೆಯ ಪುಸ್ತಕಗಳ ನಡುವೆ ಕೊಂಡು, ದಾರ ಕಟ್ಟಿ ಮಗಳಿಗೆ ಕೊಟ್ಟಿದ್ದರು. ಎರಡು ಭಾಗ ಮುಗಿದು, ವರ್ಷ ಕಳೆದು, ಹೆಂಗಸರೆಲ್ಲ ನೆರಳಿನಲ್ಲಿ ಬಂದು ಕೂತಾಗ ದಾರ ಬಿಚ್ಚಿದರೆ ಕೆಳಗೆ ಇದ್ದದ್ದು ನಾಲ್ಕನೆಯ ಭಾಗ. ಎರಡನೆಯ ಭಾಗದ ಕೊನೆಯಲ್ಲಿ ರಾಜಕುಮಾರಿ ಮೂರನೆಯ ಗುಡ್ಡದ ಬುಡದಲ್ಲಿ ಸೆರೆ ಸಿಕ್ಕಿದ್ದಳು, ಗರುಡ ಏಟು ತಿಂದು ಬಿದ್ದಿತ್ತು. ನಾಲ್ಕನೆಯದರ ಮೊದಲ ಪುಟದಲ್ಲಿ ಅವಳು ಏಳನೆಯ ಗುಡ್ಡದ ಮೇಲೆ ನಿಂತಿದ್ದಳು, ಗರುಡನಿಗೆ ಎರಡು ರೆಕ್ಕೆಯಿದ್ದವು, ಮಾಟಗಾರನ ಕುದುರೆ ದಂಡು ಹಾಳಾಗಿ ಹೋಗಿತ್ತು. ನಡುವೆ ಏನಾಯಿತು? ಇಪ್ಪತ್ತು ಮಂದಿ ಹನ್ನೊಂದು ತಿಂಗಳು ಕಾದು ಕೂತಿದ್ದಾರೆ. ಪುಸ್ತಕವಿಲ್ಲವೆಂದರೆ ಅಜ್ಜಿ ಒಲೆಯ ಮುಂದೆ ಕೂರಿಸುತ್ತಾಳೆ. ದೊಡ್ಡಮ್ಮ ನಾಲ್ಕನೆಯ ಭಾಗಕ್ಕೆ ವಿಭೂತಿ ಹಚ್ಚಿ, ತೊಡೆಯ ಮೇಲೆ ತೆರೆದಿಟ್ಟುಕೊಂಡು, ಅದರಲ್ಲಿ ಇಲ್ಲದ್ದನ್ನು ಓದತೊಡಗಿದಳು.

ಆ ವರ್ಷ ನನಗೆ ಒಂಬತ್ತು. ಉಪ್ಪಿನ ಮುದುಕಿ ಹುಟ್ಟಿದ್ದು ಆಗ.

ನಾಲ್ಕನೆಯ ಗುಡ್ಡದ ದಾರಿಯಲ್ಲಿ ಉಪ್ಪಿನ ಮೂಟೆಯಿಟ್ಟುಕೊಂಡು ಕೂತ ಒಬ್ಬ ಮುದುಕಿ. ಅವಳಿಗೆ ಮಂತ್ರ ಬರುವುದಿಲ್ಲ. ಯಾರು ಬಂದರೂ ಅವಳ ಮೊದಲ ಮಾತು ಒಂದೇ: "ಕುಂದ್ರು, ಮೊದ್ಲು ನೀರು ಕುಡಿ. ದಾರಿ ಎಲ್ಲಿಗೂ ಓಡಿ ಹೋಗಂಗಿಲ್ಲ." ಸೆರೆಯಿಂದ ತಪ್ಪಿಸಿಕೊಂಡು ಬಂದ ರಾಜಕುಮಾರಿಯನ್ನು ಕೂರಿಸಿ ನೀರು ಕೊಟ್ಟಳು. ಗರುಡನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ದಾರಿಹೋಕರು ಬಿಟ್ಟು ಹೋದ ಹಳೆಯ ಬಟ್ಟೆಯ ಚೂರುಗಳನ್ನು ಕೌದಿ ಹೊಲಿದಂತೆ ಹೊಲಿದು ಇನ್ನೊಂದು ರೆಕ್ಕೆ ಮಾಡಿದಳು. ಮಾಟಗಾರನ ದಂಡು ಬಂದಾಗ ಅವಳು ಓಡಲಿಲ್ಲ. ದಾರಿಯುದ್ದಕ್ಕೂ ಉಪ್ಪು ಚೆಲ್ಲಿ ಬದಿಗೆ ಸರಿದು ಕೂತಳು. ಕುದುರೆಗಳು ತಲೆ ಬಗ್ಗಿಸಿ ನೆಕ್ಕತೊಡಗಿದವು. ಚಾವಟಿಯಲ್ಲಿ ಹೊಡೆದರೂ ಒಂದೂ ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಉಪ್ಪು ಕಂಡ ಪ್ರಾಣಿ ಅಲ್ಲಾಡುವುದಿಲ್ಲ ಎಂದು ಎಮ್ಮೆ ಸಾಕಿದ ನಮ್ಮ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ನಕ್ಕ ನಗುವಿಗೆ ಬೇವಿನ ಮರದ ಕಾಗೆಗಳು ಎದ್ದು ಹೋದವು.

ಆ ವರ್ಷ ಅಜ್ಜಿ ಬೀಜವನ್ನು ಎರಡು ಸಲ ಅಳೆದಳು. "ಏನವ್ವಾ, ಈ ವರ್ಷ ಒಂದು ಕಾಳೂ ಕಡಿಮಿ ಬಿದ್ದಿಲ್ಲ," ಎಂದು ಸೊಸೆಯ ಮುಖ ನೋಡಿದಳು. ಕಥೆ ಸಪ್ಪೆಯಾದ ದಿನ ಬಾಯಿಗಳು ಮೆಲ್ಲುತ್ತಿದ್ದವು, ಬಿಗಿಯಾದ ದಿನ ನಿಲ್ಲುತ್ತಿದ್ದವು. ಇದಕ್ಕಿಂತ ಖಡಕ್ಕಾದ ವಿಮರ್ಶೆಯನ್ನು ನಾನು ಆಮೇಲೆ ಯಾವ ಪತ್ರಿಕೆಯಲ್ಲೂ ಓದಿಲ್ಲ.

ಮರುವರ್ಷ ನಾಲ್ಕನೆಯ ಭಾಗವನ್ನು ಓದುವಾಗ ದೊಡ್ಡಮ್ಮನಿಗೆ ಇನ್ನೊಂದು ಪೇಚು. ಹೆಂಗಸರು ಉಪ್ಪಿನ ಮುದುಕಿ ಎಲ್ಲಿ, ಎಲ್ಲಿ ಎಂದು ಪ್ರಾಣ ಹಿಂಡಿದರು. ಪುಸ್ತಕದಲ್ಲಿ ಒಬ್ಬ ಮುದಿ ಮಂತ್ರಿ ಇದ್ದ, ಸಮಯಕ್ಕೆ ಸರಿಯಾಗಿ ಬುದ್ಧಿ ಹೇಳುವುದೇ ಅವನ ಕೆಲಸ. ದೊಡ್ಡಮ್ಮ ಅವನನ್ನು ಕೆಲಸದಿಂದ ತೆಗೆದು ಆ ಮಾತುಗಳನ್ನೆಲ್ಲ ಮುದುಕಿಯ ಬಾಯಿಗೆ ಹಾಕಿದಳು. ಮುಂದೆ ನಾಲ್ಕು ಭಾಗ ಮುಗಿದಾಗಲೆಲ್ಲ ಕಥೆ ಮೊದಲಿನಿಂದ ತಿರುಗಿ ಓಡಿತು, ಪ್ರತಿ ಸಲವೂ ಮುದುಕಿ ಸ್ವಲ್ಪ ಸ್ವಲ್ಪ ದೊಡ್ಡವಳಾದಳು.

ನಾನು ಓದಿದ್ದು ತೆಲುಗು ಮೀಡಿಯಂ. ಕನ್ನಡ ಅಕ್ಷರ ಕಲಿಸಿದ್ದು ದೊಡ್ಡಮ್ಮನೇ, ಅದೇ ಪುಸ್ತಕ ಮುಂದಿಟ್ಟುಕೊಂಡು. ಎರಡೂ ಲಿಪಿ ಅಕ್ಕತಂಗಿಯರಿದ್ದ ಹಾಗೆ, ಒಂದು ಬಂದರೆ ಇನ್ನೊಂದು ಬೇಗ ಬರುತ್ತದೆ. ಹನ್ನೆರಡನೆಯ ವಯಸ್ಸಿಗೆ ನಾನೇ ಕೂತು ನಾಲ್ಕನೆಯ ಭಾಗವನ್ನು ಪೂರ್ತಿ ಓದಿದೆ. ಮುದುಕಿ ಇಲ್ಲ. ಕೌದಿ ಇಲ್ಲ. ಇನ್ನೊಮ್ಮೆ ಓದಿದೆ. ಓಡಿ ಹೋಗಿ ಅಡುಗೆಮನೆಯಲ್ಲಿ ಕೇಳಿದೆ. ದೊಡ್ಡಮ್ಮ ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಯನ್ನೇ ನನ್ನ ಬಾಯಿಗೆ ಒತ್ತಿದಳು. "ಯಾರಿಗೂ ಹೇಳಬ್ಯಾಡ ತಂಗೀ. ವಿಭೂತಿ ಹಚ್ಚಿದ ಪುಸ್ತಕ ಹಿಡ್ಕೊಂಡು ಸುಳ್ಳು ಓದೇನಿ. ಆ ಮಂದಿ ಕಣ್ಣಿಗೆ ಒತ್ತಿಕೊಂಡಾರ." ಅವಳ ಕಣ್ಣಲ್ಲಿ ನೀರಿತ್ತು. ನನಗೆ ಬಹಳ ಸಿಟ್ಟು ಬಂದಿತ್ತು, ಆದರೂ ಹೇಳಲಿಲ್ಲ.

ಹೇಳದೆ ಇದ್ದದ್ದಕ್ಕೆ ಕಾರಣ ಬಾವಿ ಅಕ್ಕ. ಆ ವರ್ಷವೇ ಅವಳು ಗುಂಟೂರಿನಲ್ಲಿ ಚೊಚ್ಚಲ ಮಗುವನ್ನು ಕಳೆದುಕೊಂಡು ಬಂದಿದ್ದಳು. ಜ್ವರದಲ್ಲಿ ಗುಡಿಸಲಿನಲ್ಲಿ ಒಬ್ಬಳೇ ಬಿದ್ದಿದ್ದಾಗ ಉಪ್ಪಿನ ಮುದುಕಿಯ ಮಾತನ್ನೇ ತನಗೆ ತಾನು ಹೇಳಿಕೊಂಡಳಂತೆ. ಕುಂದ್ರು, ನೀರು ಕುಡಿ, ದಾರಿ ಎಲ್ಲಿಗೂ ಓಡಿ ಹೋಗಂಗಿಲ್ಲ. "ಆಕಿ ಬಾಜೂಕ ಕುಂತಂಗ ಆತು ನೋಡ್ರಿ ಅಮ್ಮಾರ," ಎಂದು ಅಂಗಳದಲ್ಲಿ ಹೇಳಿದಳು. ದೊಡ್ಡಮ್ಮ ಪುಸ್ತಕದಿಂದ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹೀಗೆ ವರ್ಷಗಳು ಹೋದವು. ಅಜ್ಜಿ ಹೋದಳು. ನನ್ನ ಮದುವೆಯಾಗಿ ಆದೋನಿಗೆ ಬಂದೆ. ಶೇಂಗಾ ಒಡೆಯುವವರು ಇಪ್ಪತ್ತರಿಂದ ಹತ್ತಕ್ಕೆ ಇಳಿದರು, ಅದರಲ್ಲಿ ಕೆಲವರು ಹಳಬರ ಸೊಸೆಯಂದಿರು. ಆಗ ಒಂದು ದಿನ ಬಾವಿ ಅಕ್ಕನಿಂದ ನನ್ನ ಫೋನಿಗೆ ವಾಯ್ಸ್ ಮೆಸೇಜು ಬಂತು: "ಟೀಚರಮ್ಮಾ, ನಮ್ಮ ಕಥಿ ಸಿನಿಮಾ ತೀಸ್ತುನ್ನಾರಂತ, ಸಿನಿಮಾ ತಗೀತಾರಂತ! ಗರುಡ ಬರ್ತೈತಿ, ಬಿಂದಿಗಿ ಬರ್ತೈತಿ, ಎಲ್ಲಾ ಬರ್ತೈತಿ!" ಕನ್ನಡದಲ್ಲಿ ತೆಗೆದು ತೆಲುಗಿಗೂ ಡಬ್ ಮಾಡುತ್ತಾರೆಂದು ಅವಳ ಸೊಸೆ ಎಲ್ಲೋ ನೋಡಿ ಹೇಳಿದ್ದಳು. ಆ ಸಂಜೆಯೇ ಹನ್ನೆರಡು ಮಂದಿಯ ಫೋನ್ ಗುಂಪು ಹುಟ್ಟಿತು. ಬರೆಯಲು ಬಾರದವರ ಗುಂಪು ಅದು, ಎಲ್ಲವೂ ಮಾತಿನಲ್ಲೇ. ದಿನಕ್ಕೆ ಹತ್ತು ಸಲ ಒಂದೇ ಪ್ರಶ್ನೆ: ಉಪ್ಪಿನ ಮುದುಕಿಯ ಪಾರ್ಟು ಯಾರಿಗೆ ಕೊಟ್ಟಿದ್ದಾರೆ?

ಆಮೇಲಿನದು ಸಿನಿಮಾ ನೋಡುವವರಿಗೆಲ್ಲ ಗೊತ್ತಿರುವ ಕಥೆಯೇ. ಸಂಕ್ರಾಂತಿಗೆ ಎಂದರು, ದಸರೆಗೆ ಎಂದರು. ಹೀರೋ ಬದಲಾದ. ದುಡ್ಡು ಹಾಕುವವರು ಬದಲಾದರು. ಗರುಡನ ಗ್ರಾಫಿಕ್ಸು ಕೋಳಿಯ ಹಾಗೆ ಕಾಣುತ್ತದೆ ಎಂದು ಜನ ಬೈದರೆಂದು ಅದನ್ನೆಲ್ಲ ತೆಗೆದು ಮೊದಲಿನಿಂದ ಮಾಡಿದರು. ಬೇರೆ ಊರುಗಳ ಅಭಿಮಾನಿಗಳು ಬಾಯಿಗೆ ಬಂದದ್ದು ಬೈಯುತ್ತಿದ್ದರು, ಪೋಸ್ಟರ್ ಹರಿಯುತ್ತಿದ್ದರು. ನಮ್ಮ ಹೆಂಗಸರು ಬೈಯಲಿಲ್ಲ. ಹನ್ನೊಂದು ತಿಂಗಳ ಪಟ್ಟು ಬಲ್ಲವರಿಗೆ ಕಾಯುವುದು ಹೊಸ ಕೆಲಸವೇನಲ್ಲ. ದೊಡ್ಡಮ್ಮನಂತೂ ಪ್ರತಿ ಸಲ ಡೇಟು ಮುಂದೆ ಹೋದಾಗ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದಳು. ಸಿನಿಮಾ ತಡವಾಯಿತೆಂದು ದೀಪ ಹಚ್ಚಿದ ಅಭಿಮಾನಿ ಈ ನಾಡಿನಲ್ಲಿ ಅವಳೊಬ್ಬಳೇ ಇರಬೇಕು.

ಸಿನಿಮಾದ ಗದ್ದಲದಲ್ಲಿ ಕಾದಂಬರಿ ಮತ್ತೆ ಅಚ್ಚಾಯಿತು. ಬಳ್ಳಾರಿಗೆ ಹೋದಾಗ ನಾಲ್ಕೂ ಭಾಗ ಕೊಂಡು, ಮೂರನೆಯದನ್ನು ಒಂದೇ ಉಸಿರಿಗೆ ಓದಿ, ಕೋಸಗಿಗೆ ಹೋದೆ. ದೊಡ್ಡಮ್ಮನಿಗೆ ಆಗಲೇ ಕಣ್ಣು ಮಂಜು. ಕೈಯಲ್ಲಿ ಪುಸ್ತಕವನ್ನು ಸವರಿದಳು, ತೆರೆಯಲಿಲ್ಲ. "ಗರುಡಗ ರೆಕ್ಕಿ ಹೆಂಗ ಬಂತು? ಅಷ್ಟು ಹೇಳು ಸಾಕು," ಎಂದಳು. ಗುಹೆಯಲ್ಲಿ ಒಬ್ಬ ಋಷಿ ಇರುತ್ತಾನೆ, ಕಮಂಡಲದ ನೀರು ಚಿಮುಕಿಸುತ್ತಾನೆ, ಬಂಗಾರದ ರೆಕ್ಕೆ ಬರುತ್ತದೆ ಎಂದೆ. ಅವಳು ಪುಸ್ತಕವನ್ನು ಪಕ್ಕಕ್ಕೆ ಇಟ್ಟಳು.

"ಅಷ್ಟೇನಾ?" ಎಂದಳು.

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ನಗೋದಲ್ಲ ಇದು. ಸಿನಿಮಾದಾಗ ಆಕಿ ಇರಂಗಿಲ್ಲ. ಅವತ್ತು ಎಲ್ಲರಿಗೂ ಗೊತ್ತಾಗತೈತಿ. ನಾ ಯಾವ ಮಾರಿ ಇಟ್ಕೊಂಡು ಆ ಅಂಗಳದಾಗ ಕುಂದರಲಿ?" ಎಂದಳು. ಆ ಅಂಗಳವನ್ನು ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ. ಅವಳಿಗೆ ಮಕ್ಕಳಾಗಲಿಲ್ಲ. ವರ್ಷಕ್ಕೊಂದು ತಿಂಗಳು ಆ ಹೆಂಗಸರು ಅವಳ ಮುಖ ನೋಡಿಕೊಂಡು ಕೂರುತ್ತಿದ್ದರಲ್ಲ, ಅದೇ ಅವಳ ಸಂಸಾರ.

ಅಷ್ಟರಲ್ಲಿ ಬಾವಿ ಅಕ್ಕ ಇನ್ನೊಂದು ಕೆಲಸ ಹೂಡಿದ್ದಳು. ದೊಡ್ಡ ಹೀರೋಗಳ ಅಭಿಮಾನಿಗಳು ಥಿಯೇಟರಿನ ಮುಂದೆ ಬ್ಯಾನರು ಕಟ್ಟುತ್ತಾರೆ, ಕಟೌಟಿಗೆ ಹಾಲು ಸುರಿಯುತ್ತಾರೆ. ನಾವೇನು ಮಾಡೋಣ ಎಂದು ಗುಂಪಿನಲ್ಲಿ ಕೇಳಿ, ತಾನೇ ಉತ್ತರವನ್ನೂ ಕೊಟ್ಟಳು. ಕೌದಿಯ ರೆಕ್ಕೆ ಹೊಲಿಯೋಣ. ದುಡಿಯಲು ಹೋದ ಊರಿನಿಂದ ಒಬ್ಬೊಬ್ಬರೂ ಒಂದು ಬಟ್ಟೆಯ ಚೂರು ತರಬೇಕು. ಗುಂಟೂರಿನಲ್ಲಿ ಮೆಣಸಿನ ಘಾಟು ಹಿಡಿದ ಸೀರೆಯ ಅಂಚು, ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದವಳ ಗಂಡನ ಅಂಗಿಯ ತೋಳು, ದೇವನಕೊಂಡದಲ್ಲಿ ಟೊಮೆಟೊ ಕೀಳಲು ಹೋದವಳ ತಲೆಗೆ ಸುತ್ತುವ ಬಟ್ಟೆ. ನನ್ನನ್ನೂ ಬಿಡಲಿಲ್ಲ. ಸೀಮೆಸುಣ್ಣ ಒರೆಸಿ ಒರೆಸಿ ಬಿಳಚಿಕೊಂಡ ಒಂದು ಸೀರೆಯ ಸೆರಗು ಕೊಟ್ಟೆ. ಸಿನಿಮಾ ಒಂದು ವರ್ಷ ತಡವಾದರೆ ರೆಕ್ಕೆ ಒಂದು ಗೇಣು ಬೆಳೆಯುತ್ತಿತ್ತು. ಕೊನೆಕೊನೆಗೆ ಅದನ್ನು ಬಿಚ್ಚಿ ಹಾಸಿದರೆ ಅಂಗಳದ ಅರ್ಧ ತುಂಬುತ್ತಿತ್ತು. ದೊಡ್ಡಮ್ಮ ಅದನ್ನು ಕೈಯಲ್ಲಿ ಸವರುವಾಗಲೆಲ್ಲ ನನ್ನ ಕಡೆಗೆ ಮುಖ ತಿರುಗಿಸುತ್ತಿದ್ದಳು.

ಪೋಸ್ಟರ್ ಬಂತು. ಗರುಡನಿಗೆ ಎರಡೂ ಕಡೆ ಬಂಗಾರದ ರೆಕ್ಕೆ. ನಮ್ಮ ಗುಂಪಿನಲ್ಲಿ ಎರಡು ದಿನ ವಾದವಾಯಿತು. ಇದು ರೆಕ್ಕೆ ಮುರಿಯುವ ಮೊದಲಿನ ಫೋಟೋ ಎಂದು ಒಬ್ಬಳು, ಕೌದಿ ರೆಕ್ಕೆಯನ್ನು ಬೇಕೆಂತಲೇ ಬಚ್ಚಿಟ್ಟಿದ್ದಾರೆ, ಥಿಯೇಟರಿನಲ್ಲೇ ತೋರಿಸುತ್ತಾರೆ ಎಂದು ಇನ್ನೊಬ್ಬಳು. ಬಾವಿ ಅಕ್ಕ ಮಾತ್ರ, "ಬರ್ಲಿ ಬರ್ಲಿ, ನೋಡೂಣು," ಎಂದಳು. ಅವಳು ಅಷ್ಟು ಕಡಿಮೆ ಮಾತಾಡಿದ್ದು ನನಗೆ ಆಗ ವಿಚಿತ್ರವೆನಿಸಲಿಲ್ಲ. ಕೆಲಸದ ಆಯಾಸವೆಂದುಕೊಂಡೆ.

ಕೊನೆಗೂ ಡೇಟು ಗಟ್ಟಿಯಾಯಿತು. ದೊಡ್ಡಮ್ಮ ಆ ದಿನ ದೀಪ ಹಚ್ಚಲಿಲ್ಲ. ಫೋನ್ ಮಾಡಿ, "ಸಿನಿಮಾ ಶುರು ಆಗೋಕಿಂತ ಮೊದಲ ನಾನ ಎಲ್ಲಾರಿಗೂ ಹೇಳಿಬಿಡತೀನಿ. ಪರದೆ ಮ್ಯಾಲ ನೋಡಿ ತಿಳಿಯೋದು ಬ್ಯಾಡ," ಎಂದಳು. ಜೀವಮಾನವಿಡೀ ನಿಜ ಹೇಳಿರೆಂದು ಮಕ್ಕಳಿಗೆ ಬೆತ್ತ ತೋರಿಸಿದ ನಾನು, ಬೇಡ ದೊಡ್ಡಮ್ಮ, ಹೇಳಬೇಡ ಎಂದು ಬೇಡಿಕೊಂಡೆ. ಅವಳು ಕೇಳಲಿಲ್ಲ.

ಬೆಳಗಿನ ಆಟಕ್ಕೆ ಅವರೆಲ್ಲ ಪ್ಯಾಸೆಂಜರ್ ರೈಲಿನಲ್ಲಿ ಆದೋನಿಗೆ ಬಂದರು. ನಾನು ಶಾಲೆಗೆ ರಜೆ ಹಾಕಿ ಸ್ಟೇಷನ್ನಿಗೆ ಹೋಗಿ ಕರೆದುಕೊಂಡೆ. ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡಿದ್ದ ದೊಡ್ಡಮ್ಮ ನಡುವೆ, ಸುತ್ತ ಹತ್ತು ಹೆಂಗಸರು, ಇಬ್ಬರ ತಲೆಯ ಮೇಲೆ ಮಡಚಿದ ಕೌದಿ. ಥಿಯೇಟರಿನ ಗೇಟಿನವನು ಮೊದಲು ತಲೆ ಅಲ್ಲಾಡಿಸಿದ. ಬಾವಿ ಅಕ್ಕ ಅವನೊಡನೆ ತೆಲುಗಿನಲ್ಲಿ ಏನು ಮಾತಾಡಿದಳೋ, ಅವನೇ ಏಣಿ ತಂದು ಹೀರೋನ ಬ್ಯಾನರಿನ ಪಕ್ಕ ಕಟ್ಟಿಕೊಟ್ಟ. ಬಿಸಿಲಿಗೆ ಆ ಚೂರುಗಳೆಲ್ಲ ಬಣ್ಣಬಣ್ಣವಾಗಿ ತೋರಿದವು. ಕಾಲೇಜು ಹುಡುಗಿಯರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ಹೇಳಿಬಿಡುತ್ತೇನೆಂದು ಬಂದಿದ್ದ ದೊಡ್ಡಮ್ಮ ತಲೆ ಎತ್ತಿ ಅದನ್ನು ನೋಡಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಒಳಗೆ ಬಂದಳು.

ಸಿನಿಮಾ ಕೆಟ್ಟದೇನಲ್ಲ. ನದಿಯನ್ನು ಬಿಂದಿಗೆಯೊಳಗೆ ಸುರಿಯುವುದನ್ನು ಬಹಳ ಚೆನ್ನಾಗಿ ತೆಗೆದಿದ್ದರು, ಹೆಂಗಸರೆಲ್ಲ ಉಸಿರು ಹಿಡಿದು ಕೂತರು. ಇಂಟರ್ವಲ್ ಆದ ಮೇಲೆ ಗುಹೆ ಬಂತು, ಋಷಿ ಬಂದ, ಕಮಂಡಲ ಬಂತು. ನಮ್ಮ ಸಾಲಿನಲ್ಲಿ ಒಂದೊಂದಾಗಿ ಪಾಪ್‌ಕಾರ್ನ್ ಮೆಲ್ಲುವ ಸದ್ದು ಶುರುವಾಯಿತು. ಅಜ್ಜಿ ಇದ್ದಿದ್ದರೆ ಅಲ್ಲೇ ಎದ್ದು ನಿಲ್ಲುತ್ತಿದ್ದಳು. ಬಂಗಾರದ ರೆಕ್ಕೆ ಝಗ್ಗೆಂದು ಹೊಳೆದಾಗ ಪೊಟ್ಟಣಗಳೆಲ್ಲ ಖಾಲಿಯಾಗಿದ್ದವು. ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಸುತ್ತಿಟ್ಟುಕೊಂಡಳು. ಆಮೇಲೆ ಪರದೆ ನೋಡಲೇ ಇಲ್ಲ.

ಹೊರಗೆ ಬಂದರೆ ಬೆಂಕಿ. "ಆಕೀನ್ನ ತಗದ ಹಾಕ್ಯಾರ! ಉಪ್ಪಿನ ಮುದುಕೀನ್ನ ತಗದ್ರ ಉಳದದ್ದೇನೈತಿ ಕಥ್ಯಾಗ?" ಎಂದು ಒಬ್ಬಳು ಕೂಗಿದಳು. ಎಲ್ಲ ಹೀರೋನನ್ನೇ ತೋರಿಸಲು ಮಾಡಿದ ಕುತಂತ್ರ ಎಂದು ಇನ್ನೊಬ್ಬಳು. ಬರೆದವರ ಕಣ್ಣಿಗೆ ಬಿದ್ದರೆ ಎಷ್ಟು ನೊಂದುಕೊಂಡಾರೆಂದು ಮೂರನೆಯವಳು ನಿಜವಾಗಿ ಕಣ್ಣೀರು ಹಾಕಿದಳು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ದೊಡ್ಡಮ್ಮ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಎತ್ತಿದಳು. "ಕೇಳ್ರಿ ಇಲ್ಲಿ. ಅವರದೇನೂ ತಪ್ಪಿಲ್ಲ. ಆ ಮುದುಕಿ..."

"ಏ, ಅಮ್ಮಾರಿಗೆ ಬಿಸಿಲು ಬಡದೈತಿ!" ಬಾವಿ ಅಕ್ಕ ಥಿಯೇಟರಿಗೇ ಕೇಳುವ ಹಾಗೆ ಅರಚಿದಳು. "ಮಜ್ಜಿಗಿ ತರ್ರಿ ಯಾರರ! ಹೋಗ್ರಿ ಹೋಗ್ರಿ, ನಿಂತು ನೋಡಬ್ಯಾಡ್ರಿ!" ಹೆಂಗಸರೆಲ್ಲ ಮಜ್ಜಿಗೆಗೆ ಓಡಿದರು. ದೊಡ್ಡಮ್ಮನ ಮಾತು ಅಲ್ಲೇ ನಿಂತಿತು.

ಮರಳುವ ರೈಲಿಗೆ ನಾನೂ ಹತ್ತಿದೆ, ದೊಡ್ಡಮ್ಮನನ್ನು ಹಾಗೇ ಕಳಿಸಲು ಮನಸ್ಸಾಗಲಿಲ್ಲ. ಉಳಿದವರು ಬಾಗಿಲ ಕಡೆಗೆ ಗುಂಪಾಗಿ ಕೂತು ಸಿನಿಮಾದವರಿಗೆ ಇನ್ನೂ ಮಂಗಳಾರತಿ ಎತ್ತುತ್ತಿದ್ದರು. ಕಿಟಕಿಯ ಬಳಿ ದೊಡ್ಡಮ್ಮ, ಪಕ್ಕದಲ್ಲಿ ನಾನು, ಎದುರಿಗೆ ಬಾವಿ ಅಕ್ಕ, ಅವಳ ಮಡಿಲಲ್ಲಿ ಬಿಚ್ಚಿ ತಂದ ಕೌದಿ. ದೊಡ್ಡಮ್ಮ ತಡೆಯಲಾರದೆ ಮೆಲ್ಲಗೆ ಹೇಳಿಯೇಬಿಟ್ಟಳು. "ನಿನಗಾದರೂ ಹೇಳತೀನಿ ಕೇಳವ್ವ. ಆ ಮುದುಕಿ ಪುಸ್ತಕದ್ದಲ್ಲ. ನಾನ ಹುಟ್ಟಿಸಿದ್ದು. ಸುಳ್ಳು ಓದಿದೆ."

ಬಾವಿ ಅಕ್ಕ ಕೌದಿಯ ಒಂದು ಬಿಚ್ಚಿದ ಹೊಲಿಗೆಯನ್ನು ಬೆರಳಿನಲ್ಲಿ ಸರಿಮಾಡುತ್ತಿದ್ದಳು.

"ನನಗ ಗೊತ್ತು ಅಮ್ಮಾರ," ಎಂದಳು.

ನಾವಿಬ್ಬರೂ ಅವಳ ಮುಖ ನೋಡಿದೆವು.

"ಓದಾಕ ಬರಂಗಿಲ್ಲ ಖರೆ, ಕಣ್ಣು ಕಾಣಂಗಿಲ್ಲೇನು? ಮೊದಲಿನ ಎರಡು ವರ್ಷ ನೀವು ಬೆರಳಿಗೆ ಉಗುಳು ಹಚ್ಚಿ ಹಾಳಿ ತಿರುವತಿದ್ರಿ. ಆ ವರ್ಷ ಇಡೀ ತಿಂಗಳು ಒಂದ ಹಾಳಿ ತೆರದಿಟ್ಟು ಕುಂತ್ರಿ. ಬೇವಿನ ಹೂವು ಉದುರಿ ಅದರ ಮ್ಯಾಲ ಬಿದ್ದದ್ದು ಅಲ್ಲೇ ಒಣಗಿತ್ತು, ನಾ ನೋಡಿದ್ದೆ."

ಮೂವತ್ತೈದು ವರ್ಷ. ದೊಡ್ಡಮ್ಮನ ಪಕ್ಕದಲ್ಲೇ ಕೂತು ಅಕ್ಷರ ಕಲಿತ ನನಗೆ ಕಾಣದ್ದು ಬಾವಿ ಅಕ್ಕನಿಗೆ ಕಂಡಿತ್ತು. ದೊಡ್ಡಮ್ಮ ಅವಳ ಕಡೆಗೆ ಬಾಗಿದಳು. "ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಹೇಳಿದ್ರ ಮರುದಿನ ನೀವು ಓದತಿದ್ರೇನು?"

ರೈಲು ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತು ಮತ್ತೆ ಹೊರಟಿತು. ನನ್ನ ಲೆಕ್ಕದ ಬುದ್ಧಿ ಸುಮ್ಮನಿರಲಿಲ್ಲ. "ಅಕ್ಕ, ಮುದುಕಿ ಪುಸ್ತಕದಾಗ ಇಲ್ಲಂತ ಗೊತ್ತಿತ್ತಲ್ಲ, ಸಿನಿಮಾದಾಗೂ ಇರಂಗಿಲ್ಲಂತ ಗೊತ್ತಿತ್ತಲ್ಲ. ಮತ್ತ ಇಷ್ಟು ವರ್ಷ ಈ ರೆಕ್ಕಿ ಯಾಕ ಹೊಲಿಸಿದಿ?" ಎಂದೆ.

ಅವಳು ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿದಳು.

"ಇರಂಗಿಲ್ಲ ಅಂತ ಗೊತ್ತಿತ್ತಲ್ಲ ಟೀಚರಮ್ಮ, ಅದಕ್ಕ ಹೊಲಿದ್ವಿ. ಅವರು ತರಂಗಿಲ್ಲ ಅಂದಮ್ಯಾಲ ಆಕೀನ್ನ ಥಿಯೇಟರಿಗೆ ನಾವ ಕರ್ಕೊಂಡು ಹೋಗಬೇಕಲ್ಲ."

ಹೇಳಿ, ಕೌದಿಯನ್ನು ದೊಡ್ಡಮ್ಮನ ಮೊಣಕಾಲ ಮೇಲೆ ಹಾಸಿದಳು. ದೊಡ್ಡಮ್ಮ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ಮುಖಕ್ಕೆ ತಂದಳು, ಹೆಂಗಸರು ಪುಸ್ತಕವನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ ಹಾಗೆಯೇ ಕಣ್ಣಿಗೆ ಒತ್ತಿಕೊಂಡಳು. ನಾನು ಕಿಟಕಿಯ ಕಡೆಗೆ ಮುಖ ತಿರುಗಿಸಿ ಅತ್ತೆ, ಮುಚ್ಚಿಡುವುದೇನಿದೆ. ಈ ಇಬ್ಬರ ನಡುವೆ ಬೆಳೆದೆನಲ್ಲ ಎಂದು ಅನಿಸಿತು. ಒಬ್ಬಳು ಇಲ್ಲದ್ದನ್ನು ಓದಿ ಕೊಟ್ಟಳು, ಇನ್ನೊಬ್ಬಳು ಗೊತ್ತಿದ್ದೂ ಕೇಳಿದಳು.

ಬಾವಿ ಅಕ್ಕ ಸೊಂಟದ ಚೀಲದಿಂದ ಹುರಿದ ಶೇಂಗಾ ತೆಗೆದು ಒಂದು ಹಿಡಿ ತನ್ನ ಅಂಗೈಗೆ ಸುರುವಿಕೊಂಡಳು. "ಅಮ್ಮಾರ, ಕುದುರಿ ಉಪ್ಪು ನೆಕ್ಕೂದು ಹೇಳ್ರಿ. ಕೋಸಗಿ ಇನ್ನಾ ದೂರ ಐತಿ." ಬಾಗಿಲ ಕಡೆಯ ಗದ್ದಲ ನಿಂತಿತು, ಹೆಂಗಸರು ಒಬ್ಬೊಬ್ಬರಾಗಿ ಬಂದು ಕೆಳಗೆ ಕೂತರು. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಮೊದಲ ಸಲ, ತೊಡೆಯ ಮೇಲೆ ಪುಸ್ತಕವಿಲ್ಲದೆ.

ಕೋಸಗಿ ಬಂದು ಎಲ್ಲರೂ ಇಳಿಯುವಾಗ ನೋಡಿದೆ. ಬಾವಿ ಅಕ್ಕನ ಅಂಗೈಯಲ್ಲಿ ಶೇಂಗಾ ಹಾಗೇ ಇತ್ತು.